ಮನೆ ಕೊಳ್ಳೋರು ಮೊದಲು ಮಂದಿ ಎಣಿಸಬೇಕು

ಮನೆ ಕೊಳ್ಳೋಕೆ ಬಂದೋರು ಮೊದಲು ಏನು ನೋಡ್ತಾರೆ ಹೇಳಿ ಅಕ್ಕ? ಬಾಗಿಲು ಯಾವ ದಿಕ್ಕಿಗಿದೆ, ಬೋರ್‌ನಲ್ಲಿ ನೀರು ಎಷ್ಟು ಇಂಚು, ಮುಂದಿನ ರಸ್ತೆ ಎಷ್ಟು ಅಡಿ, ಆಯ ಸರಿಯಿದೆಯಾ, ಇಷ್ಟೇ. ಹಳೇ ಹೆಂಚಿನ ಮನೆಯಾದ್ರೆ ಅಟ್ಟ ಹತ್ತಿ ತೊಲೆಗೆ ಗೆದ್ದಲು ಹಿಡಿದಿದೆಯಾ ಅಂತಾನೂ ನೋಡ್ತಾರೆ. ನೋಡಲಿ, ನೋಡಲೇಬೇಕು. ಆದ್ರೆ ನಮ್ಮ ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಆ ಮನೆಗೆ ಹಕ್ಕುದಾರರು ಎಷ್ಟು ಮಂದಿ ಅಂತ ಎಣಿಸಬೇಕು.

‘ಖಾತೇಲಿ ಯಾರ ಹೆಸ್ರೈತೋ ಅವ್ರೇ ತಾನೆ ಮೇಷ್ಟ್ರೆ ಹಕ್ಕುದಾರ್ರು?’ ಅಂತೀರಿ. ಬಹಳ ಜನ ಎಡವೋದೇ ಅಲ್ಲಿ. ಖಾತೆ ಅನ್ನೋದು ಕಂದಾಯ ಯಾರು ಕಟ್ಟಬೇಕು ಅಂತ ಪುರಸಭೆಯೋ ಪಂಚಾಯ್ತಿಯೋ ಬರೆದಿಟ್ಟುಕೊಂಡಿರೋ ಲೆಕ್ಕ. ಅದೊಂದರಿಂದಲೇ ಯಾರೂ ಮಾಲೀಕರಾಗಲ್ಲ. ಅಪ್ಪ ತೀರಿಕೊಂಡ ಮೇಲೆ ಹಿರೀಮಗ ತನ್ನೊಬ್ಬನ ಹೆಸರಿಗೆ ಪೌತಿ ಖಾತೆ ಮಾಡಿಸಿಕೊಂಡಿರ್ತಾನೆ. ಅಷ್ಟಕ್ಕೇ ಅವ್ವನ ಪಾಲು, ತಮ್ಮಂದಿರ ಪಾಲು, ಮದುವೆಯಾಗಿ ಕಿಕ್ಕೇರಿಗೋ ಬೆಳ್ಳೂರಿಗೋ ಹೋದ ಅಕ್ಕತಂಗಿಯರ ಪಾಲು ಕರಗಿಹೋಗಲ್ಲ.

ಹಿಂದೂ ಕುಟುಂಬಗಳಲ್ಲಿ ಅಪ್ಪ ತಾನೇ ದುಡಿದು ಮಾಡಿದ ಸ್ವಯಾರ್ಜಿತ ಸ್ವತ್ತಾದ್ರೆ, ಬದುಕಿರೋವರೆಗೂ ಅವನಿಷ್ಟ. ಮಾರಬಹುದು, ದಾನ ಕೊಡಬಹುದು, ವಿಲ್ ಬರೀಬಹುದು. ಏನೂ ಬರೆಯದೇ ಹೋದ್ರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅವನ ತಾಯಿ ಇದ್ದರೆ ಆಕೆ, ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತವಾದ್ರೆ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ನಮ್ಮ ಕರ್ನಾಟಕ 1994ರಲ್ಲೇ ಈ ಹಕ್ಕು ಕೊಟ್ಟಿತ್ತು, ಆದ್ರೆ ಅದಕ್ಕೆ ಮೊದಲೇ ಮದುವೆಯಾದೋರಿಗೆ ಸಿಗ್ತಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ಕೇಂದ್ರ ತಿದ್ದುಪಡಿ ಆ ತಡೆಯನ್ನ ತೆಗೀತು. ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಕೇಸಲ್ಲಿ ಹೇಳಿಬಿಡ್ತು. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ವಿಭಾಗಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಮಾತ್ರ ಅದನ್ನ ಕೆದಕೋ ಹಾಗಿಲ್ಲ. ‘ಹಿರೀಕರು ಬಾಯಲ್ಲೇ ಪಾಲು ಮಾಡಿದ್ರು’ ಅನ್ನೋ ಮಾತು ಕೋರ್ಟಲ್ಲಿ ಸುಲಭಕ್ಕೆ ನಿಲ್ಲಲ್ಲ.

ಹಾಗಾಗಿ ಅಣ್ಣ ಒಬ್ಬನೇ ಬರೆದುಕೊಟ್ಟ ಮನೆಯನ್ನ ನಿಮ್ಮ ಮಗ ಕೊಂಡ ಅಂತಿಟ್ಟುಕೊಳ್ಳಿ. ತಂಗಿ ಬಂದು ಪಾಲು ದಾವೆ ಹಾಕಿದ್ರೆ ಅವಳ ಪಾಲಿನ ಮಟ್ಟಿಗೆ ಆ ಕ್ರಯ ನಡೆಯಲ್ಲ. ದುಡ್ಡೂ ಕೊಟ್ಟು ಕೋರ್ಟೂ ಅಲೆಯೋದು ಕೊಂಡವನ ಪಾಲಿಗೆ ಬರುತ್ತೆ.

‘ನಾನು ನಮ್ಮಣ್ಣ ಕರ್ದಾಗ ಹೋಗಿ ರುಜು ಹಾಕ್ಬುಟ್ಟೆ ಕಣ್ ಮೇಷ್ಟ್ರೆ. ಒಂದ್ ಸೀರೆ, ಅರಿಶಿನ ಕುಂಕುಮ ಅಂತ ಒಂದಿಷ್ಟ್ ದುಡ್ಡು. ಓದಿ ಹೇಳಿ ಅಂತ್ಲೂ ಕೇಳ್ನಿಲ್ಲ’ ಅಂದ್ರಲ್ಲ ಅಕ್ಕ, ಆ ಮಾತು ನನ್ನ ಮನಸ್ಸಿಂದ ಹೋಗಿಲ್ಲ. ನೀವು ರುಜು ಹಾಕಿದ್ದು ಹಕ್ಕು ಖುಲಾಸೆ ಪತ್ರಕ್ಕೆ. ಅದು ರಿಜಿಸ್ಟರ್ ಆದಮೇಲೆ ಹಿಂದಕ್ಕೆ ಪಡೆಯೋದು ಬಲು ಕಷ್ಟ. ತವರು ಬಾಗಿಲು ಮುಚ್ಚಬಾರದು ಅಂತ ಎಷ್ಟೋ ಹೆಣ್ಣುಮಕ್ಕಳು ಹೀಗೇ ಬರೆದುಕೊಡ್ತಾರೆ. ಕೊಡಲಿ, ಅದು ಅವರ ಮನಸ್ಸು. ಆದ್ರೆ ಪತ್ರವನ್ನ ಪೂರ್ತಿ ಓದಿಸಿಕೊಂಡು, ಏನು ಬಿಟ್ಟುಕೊಡ್ತಾ ಇದೀನಿ ಅಂತ ತಿಳಿದು ಕೊಡಬೇಕು. ಕೊಳ್ಳೋರು ಕೂಡ ‘ತಂಗೀರ ರುಜು ಆಯ್ತಲ್ಲ, ಸಾಕು’ ಅನ್ನಬಾರದು. ಅವರಿಗೆ ಸಲ್ಲಬೇಕಾದ್ದು ಸಂದಿದೆಯಾ ಅಂತ ಕೇಳಬೇಕು. ಮನಸಾರೆ ಒಪ್ಪಿದ ಸಹಿಯಿದ್ದರೆ ಮುಂದೆ ತಂಟೆ ಬರೋದು ಕಮ್ಮಿ.

ಮಂದಿ ಎಣಿಸೋದು ಹೇಗೆ ಅಂದ್ರಾ? ನಾಡಕಚೇರಿಯ ವಂಶವೃಕ್ಷ ಕೇಳಿ. ಅಷ್ಟಕ್ಕೇ ನಂಬಬೇಡಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿರೋದೂ ಉಂಟು. ಆ ಬೀದೀಲಿ ಹಳಬರ ಜಗಲಿ ಮೇಲೆ ಹತ್ತು ನಿಮಿಷ ಕೂತು, ‘ಇವರಪ್ಪನಿಗೆ ಎಷ್ಟು ಮಕ್ಕಳು, ಯಾರ್‍ಯಾರನ್ನ ಎಲ್ಲೆಲ್ಲಿಗೆ ಕೊಟ್ಟವ್ರೆ’ ಅಂತ ಕೇಳಿ. ಯಾವ ಕಚೇರೀಲೂ ಸಿಗದ ವಿಷಯ ಅಲ್ಲಿ ಸಿಗುತ್ತೆ.

ಆಮೇಲೆ ಕಾಗದ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೇಲೇ ಕೂತು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಯಬಹುದು, ಆದ್ರೆ ಅದು 2004ರ ಏಪ್ರಿಲ್‌ನಿಂದ ಈಚೆಗಿನದು. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು, ಮೂವತ್ತು ವರ್ಷದ್ದಾದರೂ ತೆಗೆಸಿ. ಇ.ಸಿ.ಯಲ್ಲಿ ರಿಜಿಸ್ಟರ್ ಆದದ್ದು ಮಾತ್ರ ಕಾಣುತ್ತೆ. ಕೋರ್ಟಿನ ದಾವೆ, ಛಾಪಾ ಕಾಗದದ ಅಗ್ರಿಮೆಂಟು ಕಾಣಲ್ಲ. ಹಳೇ ಮೂಲಪತ್ರಗಳನ್ನ ಕೇಳಿ, ಚೆಕ್ಕುಬಂದಿ ಓದಿ. ‘ಪೂರ್ವಕ್ಕೆ ಓಣಿ, ಉತ್ತರಕ್ಕೆ ಸರ್ಕಾರಿ ರಸ್ತೆ, ದಕ್ಷಿಣಕ್ಕೆ ಇದೇ ಸ್ವತ್ತಿನಲ್ಲಿ ಉಳಿಕೆ ಭಾಗ’ ಅಂತ ಬರೆದಿದ್ದರೆ ಆ ಉಳಿಕೆ ಭಾಗ ಯಾರದು, ವಿಭಾಗ ಆಗಿದೆಯಾ ಅಂತ ಅಲ್ಲೇ ನಿಂತು ಕೇಳಿ. ಎರಡು ಮನೆಗೂ ಸೇರಿದ ಗೋಡೆಯಾ, ಪಕ್ಕದ ಮನೆ ಸೂರಿನ ನೀರು ಇವರ ಅಂಗಳಕ್ಕೆ ಬೀಳುತ್ತಾ, ಹಿತ್ತಲಿಗೆ ಹೋಗೋ ದಾರಿ ಯಾರದು, ಇದನ್ನೂ ಕಣ್ಣಾರೆ ನೋಡಿ. ಇಪ್ಪತ್ತು ವರ್ಷ ತಕರಾರಿಲ್ಲದೆ, ಹಕ್ಕಿನಿಂದ ನಡೆದು ಬಂದ ದಾರಿಯನ್ನ ನಾಳೆ ಬೇಲಿ ಹಾಕಿ ಮುಚ್ಚೋಕಾಗಲ್ಲ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆ ಆದಮೇಲೆ ಸೈಟಿನ ಮಾತು ಜೋರಾಗಿದೆ. ಗದ್ದೆ ಬಯಲಿಗೆ ಮಣ್ಣು ತುಂಬಿಸಿ, ಕಲ್ಲು ನೆಟ್ಟು ‘ಬಡಾವಣೆ’ ಅನ್ನೋರೂ ಇದಾರೆ. ಪಂಚಾಯ್ತಿ ವ್ಯಾಪ್ತಿಯಾದ್ರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ಮಾತ್ರ ಇದ್ದರೆ ಅದು ಮಂಜೂರಾದ ಬಡಾವಣೆ ಅಂತ ತಿಳ್ಕೋಬೇಡಿ. ಅಲಿನೇಷನ್ (ಭೂಪರಿವರ್ತನೆ) ಆದೇಶ, ಮಂಜೂರಾದ ನಕ್ಷೆ, ಎರಡನ್ನೂ ನೋಡಿ. ನಾಲೆ ಕೆಳಗಿನ ಗದ್ದೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತೆ, ಪಾಯ ಆಳಕ್ಕೆ ಹೋಗುತ್ತೆ, ಖರ್ಚೂ ಏರುತ್ತೆ. ನಾಗಮಂಗಲದ ಬೆದ್ದಲು ಕಡೆ ಪಾಯಕ್ಕೆ ನೆಲ ಗಟ್ಟಿ, ಆದ್ರೆ ನೀರಿನ ಮೂಲ ಮೊದಲು ನೋಡಬೇಕು.

ಶ್ರೀರಂಗಪಟ್ಟಣದ ಮಾತೇ ಬೇರೆ. ಅಲ್ಲಿ ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್ ಎಲ್ಲ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇಂಥ ಸ್ಮಾರಕದ ಎಲ್ಲೆಯಿಂದ 100 ಮೀಟರೊಳಗೆ ಹೊಸ ಮನೆ ಕಟ್ಟೋ ಹಾಗಿಲ್ಲ. 1992ರ ಜೂನ್ 16ಕ್ಕೆ ಮೊದಲಿಂದ ಇದ್ದ ಮನೆಯ ರಿಪೇರಿಗೂ ಅನುಮತಿ ಬೇಕು. ಅದರಾಚೆ 200 ಮೀಟರ್‌ವರೆಗೆ ಅನುಮತಿ ಪಡೆದೇ ಕಟ್ಟಬೇಕು. ಕೋಟೆಯೊಳಗೆ ಹಳೇ ಮನೆ ಕೊಂಡು, ಕೆಡವಿ ಎರಡಂತಸ್ತು ಎಬ್ಬಿಸೋಣ ಅನ್ನೋರು ಅಡ್ವಾನ್ಸ್ ಕೊಡೋ ಮೊದಲೇ ಇದನ್ನ ವಿಚಾರಿಸಬೇಕು. ಹೊಳೆ ದಂಡೆಯಾದ್ರೆ ಇನ್ನೊಂದು ವಿಚಾರ: ಕನ್ನಂಬಾಡಿ ಕಟ್ಟೆ ತುಂಬಿ ಲಕ್ಷ ಕ್ಯೂಸೆಕ್ ದಾಟಿ ಬಿಟ್ಟಾಗ ನೀರು ಎಲ್ಲೀವರೆಗೆ ಬಂದಿತ್ತು ಅಂತ ಅಕ್ಕಪಕ್ಕದೋರನ್ನ ಕೇಳಿ.

ದುಡ್ಡಿನ ವಿಷಯ ಚುಟುಕಾಗಿ ಹೇಳ್ತೀನಿ. ಅಗ್ರಿಮೆಂಟಿನಿಂದ ಮನೆ ನಿಮ್ಮದಾಗಲ್ಲ, ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಇಂದಲೂ ಆಗಲ್ಲ, ರಿಜಿಸ್ಟರ್ ಆದ ಶುದ್ಧ ಕ್ರಯಪತ್ರವೇ ಬೇಕು. ಮುಂಗಡವನ್ನ 20 ಸಾವಿರ ಅಥವಾ ಹೆಚ್ಚು ನಗದಾಗಿ ತಗೊಳ್ಳೋದು ಸಾಮಾನ್ಯವಾಗಿ ಕಾನೂನಿಗೆ ವಿರುದ್ಧ; ಬ್ಯಾಂಕಿನ ಮೂಲಕವೇ ಕೊಡಿ. ಸೈಟಿಗೆ ಮುದ್ರಾಂಕ ಶುಲ್ಕ ನೂರಕ್ಕೆ 5, ಮೇಲೆ ಸೆಸ್, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ. ಇಪ್ಪತ್ತು ಲಕ್ಷದ ಸೈಟಿಗೆ ಒಂದೂವರೆ ಲಕ್ಷದ ಮೇಲೆ ಬರೀ ಇದಕ್ಕೇ ಎತ್ತಿಡಬೇಕು. ವಕೀಲರ ಫೀಸು ಉಳಿಸೋಕೆ ಹೋಗಬೇಡಿ. ಅವರು ಮಾರೋರ ಕಡೆಯ ವಕೀಲರಾಗಿರದೆ ನಿಮ್ಮವರಾಗಿರಲಿ.

ಇನ್ನು ಮನೆ ಇರೋರು ಮಾಡಬೇಕಾದ್ದು. ನಿಮ್ಮ ಯಜಮಾನರು ಗಟ್ಟಿಮುಟ್ಟಾಗಿದಾರೆ, ಮಗ ಬೆಂಗಳೂರಲ್ಲಿ, ಮಗಳು ಹೊಸಹೊಳಲಲ್ಲಿ. ಈಗಲೇ ಇಬ್ಬರನ್ನೂ ಕೂರಿಸಿ ಮಾತಾಡಿ. ಖಾತೆ ಇನ್ನೂ ನಿಮ್ಮ ಮಾವನ ಹೆಸರಲ್ಲಿದ್ರೆ ಬದಲಾಯಿಸಿ, ಪಾಲು ಮಾಡೋದಿದ್ರೆ ವಿಭಾಗಪತ್ರ ರಿಜಿಸ್ಟರ್ ಮಾಡಿಸಿ, ಕಂದಾಯದ ರಸೀದಿಗಳನ್ನೆಲ್ಲ ಒಂದು ಕಡೆ ಇಡಿ. ಹಿರಿಯರು ಎದುರಿಗೆ ಕೂತಿರುವಾಗ ಅಣ್ಣತಂಗಿ ಒಂದು ಮಾತಿಗೆ ಒಪ್ತಾರೆ. ಅವರು ಹೋದಮೇಲೆ ಅದೇ ಮಾತನ್ನ ಎರಡು ಕಡೆಯ ವಕೀಲರು ವರ್ಷಗಟ್ಟಲೆ ಆಡಬೇಕಾಗುತ್ತೆ. ಗೌರಿ ಹಬ್ಬಕ್ಕೆ ಮಗಳು ಬರ್ತಾಳಲ್ಲ, ಬಾಗಿನ ಕೊಟ್ಟಮೇಲೆ ಅವಳನ್ನ ಹೊರಗೆ ಕಳಿಸಿ ಗಂಡಸರೇ ಕೂತು ತೀರ್ಮಾನ ಮಾಡಬೇಡಿ. ಅವಳನ್ನೂ ಕೂರಿಸಿಕೊಳ್ಳಿ, ಕಾಗದ ಓದೋಕೆ ಅವಳ ಕೈಗೇ ಕೊಡಿ. ನಿಮಗೆ ನಿಮ್ಮ ತವರಲ್ಲಿ ಯಾರೂ ಓದಿ ಹೇಳಲಿಲ್ಲ. ನಿಮ್ಮ ಮಗಳಿಗೆ ನೀವು ಓದಿಸಿ ಅಕ್ಕ.