ಟಚಪ್ಪೋತ್ತರ ಚರ್ಮಮೀಮಾಂಸೆ

ಹಚ್ಚೆ ಹಾಕಿಸಿಕೊಂಡವನಿಗೆ ಉರಿ ಎರಡು ದಿನ, ಟಚಪ್ ಮಾಡಿಸಿಕೊಂಡವನಿಗೆ ಸಂಶಯ ಒಂದು ತಿಂಗಳು. ಇದು ಮೊದಲನೆಯ ಸೂತ್ರ. ಮಾಸಿದ್ದನ್ನು ತಿದ್ದಿಸಲು ಹೋದವನು ತಿದ್ದಿಸಿದ್ದನ್ನು ಕೆರೆಯದೆ ಇರಲಾರ ಎಂಬುದು ಎರಡನೆಯದು. ಮೂರನೆಯ ಸೂತ್ರ ದೊರೆತಿಲ್ಲ. ಅಷ್ಟು ಹೊತ್ತಿಗೆ ಸೂತ್ರಕಾರರು ಎದ್ದು ಹೋಗಿ ಕನ್ನಡಿಯ ಮುಂದೆ ನಿಂತಿದ್ದರೆಂದು ಊಹಿಸಲಾಗಿದೆ.

ಶಾಸ್ತ್ರದ ವ್ಯಾಪ್ತಿಯನ್ನು ಮೊದಲು ಗೊತ್ತುಮಾಡಿಕೊಳ್ಳೋಣ. ಅತ್ತಿಬೆಲೆಯ ಗಡಿಯಿಂದ ಹೊಸೂರಿನ ಮೇಲೆ ಹಾದು ಕೃಷ್ಣಗಿರಿಯವರೆಗೆ, ಬಲಕ್ಕೆ ತಳಿ, ಡೆಂಕಣಿಕೋಟೆ, ಎಡಕ್ಕೆ ಬೇರಿಕೆ. 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಒಡೆದು ಕೃಷ್ಣಗಿರಿ ಜಿಲ್ಲೆಯಾಯಿತು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ನಡೆಯುವ ಸೀಮೆ ಇದು. ಹಾಗಾಗಿ ಬೇರೆ ಕಡೆ ಒಂದು ಗಾಯಕ್ಕೆ ಒಂದು ಔಷಧವಾದರೆ, ಇಲ್ಲಿ ಒಂದು ಗಾಯಕ್ಕೆ ಮೂರು ಭಾಷೆಯಲ್ಲಿ ಒಂಬತ್ತು ಔಷಧ. ಮೊಣಕೈ ಮೇಲಿನ ಸಿಂಹ ಹೊಪ್ಪಳೆ ಕಟ್ಟಿದರೆ ಅಜ್ಜಿ ಅರಿಶಿಣ ಅನ್ನುತ್ತಾಳೆ, ಪಾಳಿಯ ತಮಿಳು ಗೆಳೆಯ ತೆಂಗಿನೆಣ್ಣೆ ಅನ್ನುತ್ತಾನೆ, ಪಕ್ಕದ ಮನೆಯ ತೆಲುಗಿನ ಅತ್ತೆ ಬೇವಿನೆಲೆ ಅರೆದು ತಂದೇಬಿಡುತ್ತಾಳೆ. ಸಿಂಹದ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಇನ್ನು ಪೂರ್ವಾಚಾರ್ಯರ ವಿಚಾರ. ಈ ಸೀಮೆಯಲ್ಲಿ ಹಚ್ಚೆ ಹಾಕುತ್ತಿದ್ದವರು ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದ ಕೊರವರ ಹೆಂಗಸರು. ಅವರ ಕಷಾಯವಿಧಿಯನ್ನು ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ದೊರೆ ದಾಖಲಿಸಿದ್ದಾರೆ: ಅರಿಶಿಣವನ್ನೂ ಅಗಸೆಮರದ ಸೊಪ್ಪನ್ನೂ ಅರೆದು, ಬಟ್ಟೆಯಲ್ಲಿ ಬತ್ತಿ ಹೊಸೆದು, ಹರಳೆಣ್ಣೆಯ ದೀಪದಲ್ಲಿ ಉರಿಸಿ, ಮೇಲೆ ಹೊಸ ಮಡಕೆ ಬೋರಲು ಹಾಕಿ, ಹಿಡಿದ ಕಾಡಿಗೆಯನ್ನು ಕೆರೆದು ತಾಯಹಾಲಿನಲ್ಲೋ ನೀರಿನಲ್ಲೋ ಕಲಸುವುದು. ಚುಚ್ಚಿದ ಮೇಲೆ ಬಾವು ಬಾರದಿರಲೆಂದು ಎಣ್ಣೆ, ಅರಿಶಿಣ ತಿಕ್ಕುವುದು. ಈ ಪರಂಪರೆಯಲ್ಲಿ ಟಚಪ್ ಎಂಬ ಪದಾರ್ಥವೇ ಇರಲಿಲ್ಲ. ಅಜ್ಜಿಯ ಮುಂಗೈಯ ಚೇಳು ವರ್ಷ ಕಳೆದಂತೆ ಹರಡಿ ಹಸಿರಾಗಿ ಏಡಿಯಾಯಿತು; ಅಜ್ಜಿ ಯಾರ ಮೇಲೂ ದೂರು ಹೇಳಲಿಲ್ಲ. ಸಂಶಯ ಹುಟ್ಟಿದ್ದು ಕರೆಂಟಿನ ಸೂಜಿಯಿಂದ, ಅಂದರೆ 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಹಚ್ಚೆಯ ಯಂತ್ರಕ್ಕೆ ಪೇಟೆಂಟ್ ಪಡೆದಂದಿನಿಂದ ಎಂಬುದು ನಮ್ಮ ಸಿದ್ಧಾಂತ.

ಶರೀರಶಾಸ್ತ್ರ ಹೇಳುವುದು ಇಷ್ಟು. ಶಾಯಿ ನಿಲ್ಲುವುದು ಮೇಲ್ತೊಗಲಿನಲ್ಲಲ್ಲ, ಅದರ ಕೆಳಗಿನ ಪದರದಲ್ಲಿ, ಒಂದೆರಡು ಮಿಲಿಮೀಟರ್ ಆಳದಲ್ಲಿ. ಬಂದ ಬಣ್ಣವನ್ನು ವೈರಿಯೆಂದು ತಿಳಿದು ಮ್ಯಾಕ್ರೋಫೇಜ್ ಎಂಬ ಕಾವಲು ಕೋಶ ನುಂಗುತ್ತದೆ, ಅರಗಿಸಿಕೊಳ್ಳಲಾರದೆ ಹಾಗೇ ಕೂರುತ್ತದೆ. ಅದು ಸತ್ತರೆ ಬಣ್ಣ ಹೊರಬಿದ್ದು, ಹೊಸದಾಗಿ ಬಂದ ಕೋಶ ಅದನ್ನೇ ನುಂಗುತ್ತದೆ. ಇಲಿಗಳ ಮೇಲೆ ಇದನ್ನು ತೋರಿಸಿಕೊಟ್ಟವರು ಫ್ರಾನ್ಸಿನ ಮಾರ್ಸೇಯ ಸಂಶೋಧಕರು, 2018ರಲ್ಲಿ. ತಾಲ್ಲೂಕು ಕಚೇರಿಯ ಕಡತಕ್ಕೆ ಇದಕ್ಕಿಂತ ಹತ್ತಿರವಾದ ಜೀವಕ್ರಿಯೆ ನಮಗೆ ಕಂಡಿಲ್ಲ: ಒಬ್ಬ ನಿವೃತ್ತನಾದರೆ ಇನ್ನೊಬ್ಬ ಬಂದು ಅದರ ಮೇಲೇ ಕೂರುತ್ತಾನೆ, ವಿಲೇವಾರಿ ಯಾರಿಂದಲೂ ಆಗದು. ಹಚ್ಚೆ ಉಳಿಯುವುದೇ ಈ ವಿಳಂಬದ ದಯೆಯಿಂದ.

ಟಚಪ್ ಆದ ನಾಲ್ಕೈದನೆಯ ದಿನ ಮೇಲ್ತೊಗಲು ಬಣ್ಣದ ಸಮೇತ ಸುಲಿಯತೊಡಗುತ್ತದೆ. ಇಲ್ಲಿ ಪೂರ್ವಪಕ್ಷ ಏಳುತ್ತದೆ, ಸಾಮಾನ್ಯವಾಗಿ ಸಿಪ್‌ಕಾಟ್ ಕೈಗಾರಿಕಾ ವಸಾಹತಿನ ರಾತ್ರಿ ಪಾಳಿ ಮುಗಿಸಿ ಬಂದವನ ಬಾಯಲ್ಲಿ, ಬೆಳಿಗ್ಗೆ ಆರಕ್ಕೆ, ಹಚ್ಚೆ ಹಾಕಿದವನಿಗೆ ಮಾಡಿದ ಫೋನಿನಲ್ಲಿ: “ಅಣ್ಣಾ, ಬಣ್ಣವೆಲ್ಲಾ ಉದುರ್ತಾ ಐತೆ!” ಸಿದ್ಧಾಂತ: “ಉದುರೋದು ಮೇಲಿನ ತೊಗಲು ಕಣಪ್ಪಾ, ಒಳಗಿನ ಬಣ್ಣ ಅಲ್ಲ. ಕೈ ಇಕ್ಕಬ್ಯಾಡ.” ಹೊಸ ತೊಗಲು ಮಬ್ಬಾಗಿರುವುದರಿಂದ ಕೆಲವು ವಾರ ಸಿಂಹ ಮಂಜಿನಲ್ಲಿ ನಿಂತಂತೆ ಕಾಣುವುದು ಸಹಜ. ಅಷ್ಟರಲ್ಲೇ ಅವಸರಪಟ್ಟು ಇನ್ನೊಂದು ಟಚಪ್ ಮಾಡಿಸುವವರದು ಉಗ್ರಪಂಥ. ಮಾಗದ ತೊಗಲಿಗೆ ಮತ್ತೆ ಸೂಜಿ ಬಿದ್ದರೆ ಕಲೆ ಗಂಟುಕಟ್ಟೀತು, ಶಾಯಿ ಆಳಕ್ಕಿಳಿದು ಗೆರೆ ಹರಡೀತು. ಕನಿಷ್ಠ ನಾಲ್ಕರಿಂದ ಆರು ವಾರ ಕಾಯಬೇಕೆಂಬುದು ಕುಶಲಕರ್ಮಿಗಳ ಮತ.

ಉಪಚಾರಮತಗಳ ಖಂಡನೆ ಚಿಕ್ಕದು. ಅಡುಗೆಮನೆಯ ಅರಿಶಿಣ ಸಾರಿಗೆ ಸಾಕಷ್ಟು ಶುದ್ಧ, ತೆರೆದ ಗಾಯಕ್ಕಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಇಡೀ ಪಾಳಿ ಸುತ್ತಿಕೊಂಡಿರುವವನು ಸಮವಸ್ತ್ರದೊಳಗೆ ಬೆವರಿನ ಕೆರೆ ಕಟ್ಟಿಸುತ್ತಾನೆ. ಆದರೆ ಇವರೆಲ್ಲರಿಗಿಂತ ಅಪಾಯಕಾರಿ ಮೆಡಿಕಲ್ ಅಂಗಡಿಯಲ್ಲಿ “ಒಂದ್ ಟ್ಯೂಬ್ ಕೊಡಿ” ಎಂದು ಕೇಳುವವನು. ಚೀಟಿಯಿಲ್ಲದೆ ಸಿಗುವ ಹಲವು ಮಿಶ್ರ ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ತುರಿಕೆ ಅಡಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಬೇಕಾದದ್ದು ಇಷ್ಟೇ: ಸೋಪು, ನೀರು, ತೆಳ್ಳಗೆ ವಾಸನೆಯಿಲ್ಲದ ಕ್ರೀಮು, ಬಿಸಿಲಿಗೆ ಅಡ್ಡವಾಗಿ ಸಡಿಲ ಬಟ್ಟೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಖರ್ಚೇ ಇಲ್ಲವಲ್ಲ!

ನಿಷಿದ್ಧಸ್ಥಳ ಪ್ರಕರಣದಲ್ಲಿ ಮಾತ್ರ ಈ ಸೀಮೆಯನ್ನು ಮೀರಿಸುವವರಿಲ್ಲ. ಪಕ್ಕದ ಹೊಗೇನಕಲ್ಲಿನಲ್ಲಿ ಬಂಡೆಯ ಮೇಲೆ ಮಲಗಿಸಿ ಎಣ್ಣೆ ತಿಕ್ಕುವವರಿದ್ದಾರೆ, ಆಮೇಲೆ ಕಾವೇರಿಯಲ್ಲಿ ಮುಳುಗು. ವಾರದ ಹಚ್ಚೆಗೆ ಇವೆರಡೂ ಶತ್ರು. ಕೆಲವರಪಳ್ಳಿ ಅಣೆಕಟ್ಟಿಗೆ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆಯನ್ನು ಹೊತ್ತು ತರುತ್ತದೆ, ನೊರೆ ಆಳೆತ್ತರ ಏಳುತ್ತದೆ. ಅದರ ಮುಂದೆ ಹೊಸ ಹಚ್ಚೆ ಹಿಡಿದು ಸೆಲ್ಫಿ ತೆಗೆಯುವವರನ್ನು ಶಾಸ್ತ್ರ ತಡೆಯಲಾರದು, ಕೈ ತೊಳೆಯುವವರನ್ನು ತಡೆಯಬೇಕು. ಕೃಷ್ಣಗಿರಿಯ ತೋಪಿನಲ್ಲಿ ತೋತಾಪುರಿ ಕೀಳುವಾಗ ಚಿಮ್ಮುವ ಸೊನೆ ಗಟ್ಟಿ ತೊಗಲನ್ನೇ ಸುಡುತ್ತದೆ. ಹೊಸೂರಿನ ಗುಲಾಬಿಯ ಹಸಿರುಮನೆಗಳಲ್ಲಿ ಮುಳ್ಳೂ ಉಂಟು, ಸಿಂಪಡಿಸುವ ಔಷಧವೂ ಉಂಟು. ಪ್ರೇಯಸಿಯ ಹೆಸರಿನ ಸುತ್ತ ಗುಲಾಬಿ ತಿದ್ದಿಸಿಕೊಂಡವನು ಮಾರನೆಯ ದಿನವೇ ನಿಜವಾದ ಗುಲಾಬಿ ಕೊಯ್ಯಲು ಹೋಗಬಾರದು.

ಇನ್ನು ಅಣಕಕ್ಕೆ ಒಗ್ಗದ ಭಾಗ. ಮೊದಲೆರಡು ದಿನ ಕೆಂಪು, ಉರಿ, ನೀರು ಒಸರುವುದು ರೂಢಿ. ಆಮೇಲೂ ಕೆಂಪು ಹರಡುತ್ತಿದ್ದರೆ, ಕೀವು ಬಂದರೆ, ಜ್ವರ ಹತ್ತಿದರೆ ಅಜ್ಜಿಯನ್ನೂ ಅಣ್ಣನನ್ನೂ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ಕೆಂಪು ಶಾಯಿ ಇರುವಲ್ಲಿ ಮಾತ್ರ ಉಬ್ಬಿ ತುರಿಸಿದರೆ ಅದು ಅಲರ್ಜಿ, ತಿಂಗಳುಗಳ ನಂತರವೂ ಬರಬಹುದು. ವಾರಗಳಾದ ಮೇಲೆ ಸಣ್ಣ ಗುಳ್ಳೆಗಳೆದ್ದರೆ ಶಾಯಿಯನ್ನು ಶಂಕಿಸಬೇಕು: 2011ರಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ 19 ಮಂದಿಗೆ ಹೀಗಾಗಿ, ಶಾಯಿಯಲ್ಲೇ ಇದ್ದ ಮೈಕೋಬ್ಯಾಕ್ಟೀರಿಯಾ ಸಿಕ್ಕಿಬಿದ್ದಿತು, ಮಾಮೂಲಿ ಆಂಟಿಬಯಾಟಿಕ್ಕಿಗೆ ಅದು ಜಗ್ಗುವುದಿಲ್ಲ. ಗಡಿಯಾಚೆ ಕರ್ನಾಟಕದ ಆರೋಗ್ಯ ಇಲಾಖೆಯೂ 2025ರಲ್ಲಿ ಶಾಯಿಯೊಳಗಿನ ಭಾರಲೋಹಗಳ ಮಾತೆತ್ತಿತು. ಶಾಯಿಯ ಬಾಟಲಿ ಅತ್ತಿಬೆಲೆ ದಾಟುವಾಗ ಅದನ್ನು ನಿಲ್ಲಿಸಿ ಕೇಳುವವರಿಲ್ಲ.

ಕೊನೆಗೆ, ಈ ಸೀಮೆಯ ಭಾಷ್ಯಕಾರರೆಲ್ಲ ಮರೆತ ಒಂದು ಮಾತು. ಹಚ್ಚೆಯಾದ ಮೇಲೆ 12 ತಿಂಗಳು ರಕ್ತ ಕೊಡಬಾರದೆಂಬುದು ನಮ್ಮ ದೇಶದ ನಿಯಮ. ಟಚಪ್ಪೂ ಸೂಜಿಯೇ, ಲೆಕ್ಕ ಮತ್ತೆ ಮೊದಲಿನಿಂದ. ಕಾರ್ಖಾನೆಯ ರಕ್ತದಾನ ಶಿಬಿರದಲ್ಲಿ ಅರ್ಜಿ ತುಂಬುವಾಗ ಸಿಂಹ ಹುಟ್ಟಿದ ದಿನವನ್ನಲ್ಲ, ಅದರ ಮೀಸೆ ತಿದ್ದಿಸಿದ ದಿನವನ್ನು ಬರೆಯಿರಿ.