ಸಂಶೋಧನೆಗೆ ಒಳಪಡಲು ಅನುಮತಿ ಕೋರಿ ಅರ್ಜಿ

ಇವರಿಗೆ: ನಾಡಿನ ಸಮಸ್ತ ವೈದ್ಯಕೀಯ ಸಂಶೋಧಕರು
ಇವರಿಂದ: ಕಿಡ್ನಿ ಕೈಕೊಟ್ಟ ಕೆಲವು ಬೇಸಾಯಗಾರರು, ದುದ್ದ, ಮಂಡ್ಯ ತಾಲ್ಲೂಕು

ಮಾನ್ಯರೇ,

ರೋಗಿಗಳನ್ನು ಹುಡುಕಿಕೊಂಡು ನೀವು ಬರುವುದು ವಾಡಿಕೆ. ನಿಮಗೆ ಬಿಡುವಾಗಿಲ್ಲವೆಂದು ಕಾಣುತ್ತದೆ, ಹಾಗಾಗಿ ನಾವೇ ಅರ್ಜಿ ಹಾಕುತ್ತಿದ್ದೇವೆ. ಪಹಣಿಗೆ, ಪಂಪ್‌ಸೆಟ್ಟಿಗೆ, ಬೆಳೆ ಪರಿಹಾರಕ್ಕೆ ಬರೆದು ಬರೆದು ಪಳಗಿದ ಕೈ. ಕಾಯಿಲೆಗೂ ಒಂದು ಬರೆದರೆ ನಷ್ಟವೇನು?

ಮೊದಲು ನಮ್ಮ ಅರ್ಹತೆ. ನಮಗೆ ಬಿಪಿ ಇರಲಿಲ್ಲ, ಸಕ್ಕರೆ ಕಾಯಿಲೆಯೂ ಇರಲಿಲ್ಲ. 1933ರಲ್ಲೇ ಮೈಷುಗರ್ ಕಾರ್ಖಾನೆ ಕಂಡ ಜಿಲ್ಲೆಯವರು ಹೀಗೆಂದರೆ ಡಾಕ್ಟರು ನಂಬುವುದಿಲ್ಲ, ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಕಿಡ್ನಿ ಸೋಲುತ್ತಿರುವುದನ್ನು ರಕ್ತದಲ್ಲಿ ತೋರಿಸುವ ಕ್ರಿಯಾಟಿನಿನ್ ಮಾತ್ರ, ಕಬ್ಬಿನ ದರಕ್ಕೆ ಎಂದೂ ಬಾರದ ಉತ್ಸಾಹದಿಂದ ಏರುತ್ತಾ ಹೋಗಿದೆ.

ಇನ್ನು ಅನುಭವ. ಏಪ್ರಿಲ್ ಬಿಸಿಲಲ್ಲಿ ಬಗ್ಗಿ ಕಬ್ಬು ಕಡಿದಿದ್ದೇವೆ. ಬೋರ್‌ವೆಲ್ ನೀರು ಕುಡಿದಿದ್ದೇವೆ, ಅದೂ ಕೆಲಸ ಮುಗಿದ ಮೇಲೆ. ಬಾಯಿಗೆ ಟವೆಲ್ ಸುತ್ತಿಕೊಂಡು ಬೆಳೆಗೆ ಔಷಧಿ ಹೊಡೆದಿದ್ದೇವೆ. ಸಂಜೆ ಸೊಂಟ ಹಿಡಿದಾಗ ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆ ನುಂಗಿದ್ದೇವೆ. ಬಿಸಿಲು, ನೀರು, ವಿಷ, ಮಾತ್ರೆ: ನಾಲ್ವರು ಶಂಕಿತರು ಒಂದೇ ಮೈಯಲ್ಲಿ ಹಾಜರಿದ್ದಾರೆ. ಇವರಲ್ಲಿ ಯಾರು ಅಪರಾಧಿಯೆಂದು ಬಿಡಿಸುವುದು ಬಹಳ ಕಷ್ಟ ಎಂದು ನಿಮ್ಮವರೊಬ್ಬರು ನಮಗೆ ತಿಳಿಹೇಳಿದರು. ಬಿಡಿಸುವುದೇ ನಿಮ್ಮ ಉದ್ಯೋಗವೆಂದು ನಾವು ತಿಳಿದಿದ್ದೆವು, ಕ್ಷಮಿಸಿ.

ಇದೊಂದು ದೊಡ್ಡ ಪಿಡುಗು ಎಂದು ನಾವು ಬೊಬ್ಬೆ ಹಾಕುತ್ತಿಲ್ಲ. ನಾವು ಕೆಲವರಷ್ಟೇ ನತದೃಷ್ಟರಿರಬಹುದು. ಎಣಿಸಿದರೆ ತಾನೇ ಗೊತ್ತಾಗುವುದು? ನಮ್ಮ ಎಮ್ಮೆಗಳ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆಯಿದೆ, ಜಾನುವಾರು ಗಣತಿಗೆ ಜನ ಬಾಗಿಲಿಗೇ ಬರುತ್ತಾರೆ. ಎಮ್ಮೆ ಕಟ್ಟುವವನ ಕಿಡ್ನಿ ಯಾವ ಪುಸ್ತಕದಲ್ಲೂ ದಾಖಲಾಗಿಲ್ಲ.

ರೋಗಿಗಳೇ ಸಂಶೋಧನೆ ಕೇಳುವುದು ಅಧಿಕಪ್ರಸಂಗವೆನಿಸಿದರೆ ನಿಕರಾಗುವ ದೇಶದ ಚಿಚಿಗಾಲ್ಪ ಎಂಬ ಊರಿನ ಕಡೆ ನೋಡಿ. ಅದೂ ಸಕ್ಕರೆ ನಾಡೇ. ಕಿಡ್ನಿ ಕಳೆದುಕೊಂಡ ಕಬ್ಬಿನ ಕೂಲಿಗಳು ಸಂಘ ಕಟ್ಟಿ, ಅಲ್ಲಿನ ಕಾರ್ಖಾನೆಗೆ ಸಾಲ ಕೊಟ್ಟಿದ್ದ ವಿಶ್ವ ಬ್ಯಾಂಕ್ ಸಮೂಹದ ದೂರು ವಿಭಾಗಕ್ಕೆ 2008ರಲ್ಲಿ ಅರ್ಜಿ ಹಾಕಿದರು. ಮಾತುಕತೆ ನಡೆದು, ಬಾಸ್ಟನ್ ವಿಶ್ವವಿದ್ಯಾಲಯದ ತಂಡ ಕಾರಣ ಹುಡುಕಲು ಬಂತು. ಕಾರಣ ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ; ಬಿಸಿಲಿನ ದುಡಿಮೆ ಮತ್ತು ಮೈಯ ನೀರು ಬತ್ತುವುದರ ಮೇಲೆ ಅನುಮಾನ ಬಲವಾಗಿದೆ. ಅದೇ ಸೀಮೆಯ ಕಬ್ಬಿನ ಗದ್ದೆಗಳಲ್ಲಿ ಮುಂದೆ ನೆರಳು, ನೀರು, ವಿರಾಮದ ಏರ್ಪಾಡು ಬಂತು. ಈ ಮೂರಕ್ಕೂ ಪೇಟೆಂಟ್ ಸಿಗುವುದಿಲ್ಲ. ನಮ್ಮ ಗದ್ದೆಯವರೆಗೆ ಬರಲು ತಡವಾಗಿರುವುದು ಅದಕ್ಕೇ ಇರಬೇಕು.

ಸಂಶೋಧನೆ ನಡೆದುಬಿಟ್ಟರೆ ಎಲ್ಲ ಸರಿಹೋಗುತ್ತದೆಂಬ ಭ್ರಮೆಯೂ ನಮಗಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನ ಕಥೆ ಕೇಳಿದ್ದೇವೆ. 1970ರ ದಶಕದಲ್ಲಿ ಅಲ್ಲಿನ ದಲಿತ ಕೇರಿಗಳಲ್ಲಿ ಸೊಂಟದ ಕೀಲು ಸವೆದು ಜನ ಕುಂಟತೊಡಗಿದರು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದರಿಂದ ಇರಬಹುದೇ ಎಂದು ಮೊದಲು ಶಂಕಿಸಿದರು. ಆಮೇಲಿನ ಅಧ್ಯಯನಗಳು ವಂಶಪಾರಂಪರ್ಯವೆಂದವು. ರೋಗಕ್ಕೆ ಊರಿನ ಹೆಸರಾಯಿತು, ಪ್ರಬಂಧಗಳಾದವು. ಗುಣಪಡಿಸುವ ಮದ್ದು ಮಾತ್ರ ಆ ಊರಿನ ದಾರಿ ಹಿಡಿಯಲಿಲ್ಲ.

ಆದ್ದರಿಂದ ನಮ್ಮ ಷರತ್ತುಗಳು:

1. ಒಪ್ಪಿಗೆ ಪತ್ರ ನಮಗೆ ಅರ್ಥವಾಗುವ ಕನ್ನಡದಲ್ಲಿರಲಿ. ಹೆಬ್ಬೆಟ್ಟು ಒತ್ತುವ ಮೊದಲು ಓದಿ ಹೇಳಿ.
2. ಮಾಗಿಯ ಚಳಿಯಲ್ಲಿ ಹುರುಳಿ ಸಾರು ಉಂಡು ಹೋಗಲು ಬರಬೇಡಿ. ಏಪ್ರಿಲ್ ಮಧ್ಯಾಹ್ನ ಗದ್ದೆಗೇ ಬನ್ನಿ.
3. ರಕ್ತ ಎಷ್ಟು ಬೇಕಾದರೂ ತೆಗೆಯಿರಿ, ಫಲಿತಾಂಶ ಮೊದಲು ನಮಗೆ ಹೇಳಿ. ಏನೂ ಸಿಗದಿದ್ದರೆ ಅದನ್ನೂ ಹೇಳಿ. ಅಧ್ಯಯನದ ಪ್ರಯೋಜನ ಒಳಪಟ್ಟವರಿಗೂ ತಲುಪಬೇಕೆಂದು ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯೇ ಹೇಳುತ್ತದೆ. ನಿಮ್ಮ ಕಪಾಟಿನಲ್ಲೂ ಒಂದು ಪ್ರತಿ ಇರುತ್ತದೆ.
4. ಆ ದಿನದ ಕೂಲಿ ಕಟ್ಟಿಕೊಡಿ. ವಿಜ್ಞಾನಕ್ಕೆ ಕಿಡ್ನಿ ಕೊಡಬಲ್ಲೆವು, ಕೂಲಿ ಬಿಡಲಾರೆವು.

ಮೊದಲ ಹೆಜ್ಜೆಗೆ ಕೋಟಿಗಳು ಬೇಡ. ಒಂದು ಹೋಬಳಿ ಆರಿಸಿಕೊಂಡು ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿ, ಕಟಾವಿಗೆ ಮೊದಲೊಮ್ಮೆ, ಆಮೇಲೊಮ್ಮೆ. ಮಂಡ್ಯದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಮೈಸೂರು ಪಕ್ಕದಲ್ಲಿದೆ, ಬೆಂಗಳೂರಿನಿಂದ ದಶಪಥ ಹೆದ್ದಾರಿಯೂ ಆಗಿದೆ. ದಾರಿಯ ನೆಪಕ್ಕೆ ಈಗ ಆಸ್ಪದವಿಲ್ಲ.

ದಯಮಾಡಿ ಬನ್ನಿ. ಬರಲಾಗದಿದ್ದರೆ ಕಾರಣವನ್ನು ಸಹಿ, ಮೊಹರಿನೊಂದಿಗೆ ಲಿಖಿತವಾಗಿ ತಿಳಿಸಿ. ಮುಂದಿನ ಅರ್ಜಿಗೆ ಲಗತ್ತಿಸಬೇಕಾಗುತ್ತದೆ.

ಇಂತಿ,
ನಿಮ್ಮ ಪ್ರಬಂಧಕ್ಕೆ ಸದಾ ಸಿದ್ಧರಿರುವ
ದುದ್ದದ ರೋಗಿಗಳು