ಜುಬಿಲಿ ಮತ್ತು ರಸೀದಿ ಪುಸ್ತಕ

ಯಾವುದೇ ಸಂಘಕ್ಕೆ ಐವತ್ತು ತುಂಬಿತೆಂದರೆ ಮೊದಲು ಅಚ್ಚಾಗುವುದು ಆಹ್ವಾನ ಪತ್ರಿಕೆಯಲ್ಲ, ರಸೀದಿ ಪುಸ್ತಕ. “ಗೋಲ್ಡನ್ ಜುಬಿಲಿ ಸಾರ್, ನಿಮ್ಮ ಹೆಸರಿಗೆ ಎಷ್ಟು ಬರೀಲಿ?” ಎನ್ನುತ್ತ ಒಳಗೆ ಬರುವವರ ಪೆನ್ನಿನ ಮುಚ್ಚಳ ಗೇಟಿನ ಹತ್ತಿರವೇ ತೆರೆದಿರುತ್ತದೆ. ಜುಬಿಲಿ ಹುಟ್ಟಿದ್ದು ಮಾತ್ರ ವಸೂಲಿಗಲ್ಲ, ಬಿಟ್ಟುಕೊಡುವುದಕ್ಕೆ.

ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯ ತೆರೆದು ನೋಡಿ. ಏಳೇಳು ನಲವತ್ತೊಂಬತ್ತು ವರ್ಷ ಕಳೆದು ಐವತ್ತನೆಯದು ಬಂದಾಗ ಕೊಂಬು ಊದಬೇಕು. ಟಗರಿನ ಕೊಂಬಿಗೆ ಹೀಬ್ರೂ ಭಾಷೆಯಲ್ಲಿ ಯೋಬೇಲ್. ಜುಬಿಲಿ ಬಂದದ್ದು ಅಲ್ಲಿಂದ. ಕೊಂಬು ಊದಿತೋ, ಕಷ್ಟಕ್ಕೆ ಮಾರಿದ ಹೊಲ ಹಳೆಯ ಮನೆತನಕ್ಕೆ ವಾಪಸ್ಸು. ಬಡತನಕ್ಕೆ ಜೀತ ಸೇರಿದವನು ಮಕ್ಕಳ ಸಮೇತ ಊರಿಗೆ. ಹಾಗಾದರೆ ಹೊಲ ಕೊಂಡವನ ಪಾಡು? ಅದಕ್ಕೂ ಲೆಕ್ಕವಿತ್ತು. ಮುಂದಿನ ಜುಬಿಲಿಯೊಳಗೆ ಎಷ್ಟು ಬೆಳೆ ಕೈಗೆ ಬಂದೀತೋ ಅಷ್ಟಕ್ಕೇ ಬೆಲೆ. ಹೆಸರಿಗೆ ಕ್ರಯ, ನಿಜದಲ್ಲಿ ಗುತ್ತಿಗೆ! ಕೋಟೆಯೊಳಗಿನ ಪಟ್ಟಣದ ಮನೆಗೆ ಮಾತ್ರ ಇದು ಅನ್ವಯಿಸದು. ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನಿಗೇ ಖಾಯಂ. ಬೆಂಗಳೂರಿನಲ್ಲಿ ಸೈಟು ಮಾಡಿಕೊಂಡವರು ನಿಶ್ಚಿಂತೆಯಿಂದ ಮಲಗಬಹುದು.

1300ರಲ್ಲಿ ಪೋಪ್ 8ನೇ ಬೊನಿಫೇಸ್ ರೋಮಿನಲ್ಲಿ ಜುಬಿಲಿ ವರ್ಷ ಸಾರಿದಾಗ ಹೊಲದ ಮಾತು ಹೋಗಿ ಪಾಪದ ಮಾತು ಬಂತು. ಯಾತ್ರೆ ಬಂದವರಿಗೆ ಪಾಪದ ಶಿಕ್ಷೆ ಮಾಫಿ. ನೂರು ವರ್ಷಕ್ಕೊಮ್ಮೆ ಎಂದಿದ್ದದ್ದು ಐವತ್ತಕ್ಕಿಳಿಯಿತು, ಆಮೇಲೆ ಇಪ್ಪತ್ತೈದಕ್ಕೆ. ಪಾಪ ಅಷ್ಟು ದಿನ ಕಾಯುವುದುಂಟೇ? 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತು, 1897ರಲ್ಲಿ ಅರವತ್ತು. ಜುಬಿಲಿ ಎಂದರೆ ಮೆರವಣಿಗೆ ಎಂದಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ತುಂಬಿದ ನೆನಪಿಗೆ 1927ರಲ್ಲಿ ದೊಡ್ಡ ಗಡಿಯಾರ ಎದ್ದಿತು. ಕನ್ನಡ ಅಂಕಿಗಳಲ್ಲಿ ಗಂಟೆ ತೋರಿಸುವ ಅದನ್ನು ಜುಬಿಲಿಗಳಲ್ಲೇ ಉಪಯುಕ್ತವಾದದ್ದು ಎನ್ನಬೇಕು. ಇಪ್ಪತ್ತೈದು ವಾರ ಓಡಿದ ಸಿನಿಮಾಕ್ಕೂ ಸಿಲ್ವರ್ ಜುಬಿಲಿ ಸಿಕ್ಕಿದ ಮೇಲೆ ಇನ್ನೇನು ಉಳಿಯಿತು?

ಉಳಿದಿತ್ತು. ಬಡದೇಶಗಳ ಸಾಲ ಮನ್ನಾ ಮಾಡಿ ಎಂದು ಎದ್ದ ಚಳವಳಿ ‘ಜುಬಿಲಿ 2000’ ಎಂದೇ ಹೆಸರಿಟ್ಟುಕೊಂಡಿತು. 1999ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಸೇರಿದ್ದ ಸಿರಿವಂತ ದೇಶಗಳ ನಾಯಕರು ಸಾಲದಲ್ಲಿ ಒಂದಿಷ್ಟು ಬಿಡಲು ಒಪ್ಪಿದರು. ಪೂರ್ತಿಯಲ್ಲ, ದೊಡ್ಡವರ ಕೈ ಯಾವತ್ತೂ ಸ್ವಲ್ಪ ಬಿಗಿಯೇ.

ನೀವೇನಾದರೂ ಸ್ಮರಣ ಸಂಚಿಕೆಯ ಸಂಪಾದಕರಾಗಿದ್ದರೆ ಆ 25ನೇ ಅಧ್ಯಾಯಕ್ಕೆ ಒಂದು ಪುಟ ಕೊಡಿ. ಶುಭಾಶಯದ ಜಾಹೀರಾತು ಒಂದು ಕಡಿಮೆಯಾದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಖಜಾಂಚಿಯೊಬ್ಬರನ್ನು ಬಿಟ್ಟು.